ಸುದ್ದಿ ಒಬ್ಬರ ಹತ್ರ, ಬೇಡಿ ಇನ್ನೊಬ್ಬರ ಹತ್ರ: ಟೆರರ್ ತಡೆಯೂ ಇಲಾಖೆಗಳನ್ನ ಒಂದು ಕಡೆ ತರೂ ಕಾನೂನು ಯಾಕ ಇಷ್ಟು ತೊಡಕು?

ದೇಶದಾಗ ಎಲ್ಲೇ ಬಾಂಬ್ ಹಾರ್ಲಿ, ಗುಂಡು ಹಾರ್ಲಿ, ಮರುದಿನ ಹುಬ್ಬಳ್ಳಿ ಚಾದಂಗಡಿಯಿಂದ ಹಿಡಿದು ಟಿವಿ ಸ್ಟುಡಿಯೋತನಕ ಒಂದೇ ಪ್ರಶ್ನೆ: "ಇವರಿಗೆ ಮೊದಲೇ ಗೊತ್ತಿರಲಿಲ್ಲೇನು?" 2025ರ ಏಪ್ರಿಲ್ 22ಕ್ಕ ಪಹಲ್ಗಾಮ್‌ನ್ಯಾಗ 26 ಮಂದಿ ಸತ್ತಾಗೂ ಇದೇ ಕೇಳಿದ್ವಿ, ಅದೇ ವರ್ಷ ನವೆಂಬರ್ 10ಕ್ಕ ದಿಲ್ಲಿ ಕೆಂಪುಕೋಟೆ ಹತ್ರ ಕಾರು ಸ್ಫೋಟ ಆದಾಗೂ ಇದೇ ಕೇಳಿದ್ವಿ. ಅದರ ಹಿಂದಿಂದನ ಇನ್ನೊಂದು ಮಾತು ಬರ್ತೈತಿ, ಇಷ್ಟು ಇಲಾಖೆ ಯಾಕ ಬೇಕ್ರಿ, ಎಲ್ಲಾ ಸೇರಿಸಿ ಒಂದು ಮಾಡಿ ಒಂದು ಗಟ್ಟಿ ಕಾನೂನು ತಂದ್ರ ಮುಗೀತಲ್ಲ ಅಂತ. ಸರ್ಕಾರದ ತಲಿಯೊಳಗೂ ಈ ವಿಚಾರ ಐತಿ. 2024ರ ನವೆಂಬರ್ 7ಕ್ಕ ದಿಲ್ಲಿಯೊಳಗ ನಡೆದ ಭಯೋತ್ಪಾದನಾ ವಿರೋಧಿ ಸಮ್ಮೇಳನದಾಗ ಗೃಹ ಸಚಿವ ಅಮಿತ್ ಶಾ, ದೇಶಕ್ಕೆಲ್ಲಾ ಒಂದು ರಾಷ್ಟ್ರೀಯ ಭಯೋತ್ಪಾದನಾ ನಿಗ್ರಹ ನೀತಿ ತರ್ತೇವಿ ಅಂತ ಹೇಳಿದ್ರು.

ಆದ್ರ ಇದು ಹೊಸಾ ವಿಚಾರ ಏನಲ್ಲ. 2012ರಾಗ ಒಂದು ಸಲ ಇನ್ನೇನು ಆಗೇ ಹೋತು ಅನ್ನೂಮಟ ಬಂದು ನಿಂತುಹೋಗೈತಿ. ಯಾಕ ನಿಂತು, ಜಗಳ ಏನಿತ್ತು, ಅಮೆರಿಕಾದವರು ಹೆಂಗ ಮಾಡ್ಕೊಂಡ್ರು, ನಾಳೆ ಒಂದು ಬಿಲ್ ಬಂದ್ರ ಅದರಾಗ ಯಾವ ಸಾಲು ನೋಡಬೇಕು, ಇಷ್ಟು ತಿಳ್ಕೊಳ್ಳೂಣು. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಸುದ್ದಿ ಕೂಡಿಸೂದು ಒಂದು ಕೆಲಸ, ಮನಿಷ್ಯಾನ್ನ ಹಿಡಿಯೂದು ಇನ್ನೊಂದು ಕೆಲಸ. ಮೊದಲನೇದಕ್ಕ ಯಾರದೂ ತಕರಾರಿಲ್ಲ, ಜಗಳೆಲ್ಲಾ ಎರಡನೇದರ ಮ್ಯಾಲೆ.

ಮೊದಲು ಹುಬ್ಬಳ್ಳಿ ಸ್ಟೇಶನ್ನಿನಾಗ ನಿಂತು ನೋಡ್ರಿ

ಯಾರ್ಯಾರು ಏನೇನು ಮಾಡ್ತಾರ ಅಂತ ತಿಳಿಯಾಕ ದಿಲ್ಲಿಗೆ ಹೋಗೂದು ಬ್ಯಾಡ. ನಮ್ಮ ಹುಬ್ಬಳ್ಳಿ ರೈಲ್ವೆ ಸ್ಟೇಶನ್ನಿನ ಉದ್ದನ್ನ ಪ್ಲಾಟ್‌ಫಾರ್ಮ್ ಸಾಕು, ಅದೇ 1507 ಮೀಟರಿಂದು, ಜಗತ್ತಿನಾಗ ಎಲ್ಲಾಕಿಂತ ಉದ್ದಂದು ಅಂತ ನಾವು ಬಂದವರಿಗೆಲ್ಲಾ ಹೇಳ್ತೀವಲ್ಲ, ಅದು. ಅಲ್ಲೊಂದು ವಾರಸುದಾರಿಲ್ಲದ ಬ್ಯಾಗ್ ಬಿದ್ದೈತಿ ಅಂತ ಇಟ್ಕೊಳ್ರಿ. ಮೊದಲು ಬರಾವರು ಆರ್‌ಪಿಎಫ್ ಜವಾನರು, ಅವರು ರೈಲ್ವೆ ಸಚಿವಾಲಯದವರು, ಅಂದ್ರ ಕೇಂದ್ರದವರು. ಬ್ಯಾಗಿನಾಗ ಖರೇನ ಸ್ಫೋಟಕ ಸಿಕ್ಕು ಎಫ್‌ಐಆರ್ ಹಾಕೂ ಹೊತ್ತು ಬಂದ್ರ ಅದು ಆರ್‌ಪಿಎಫ್ ಕೆಲಸ ಅಲ್ಲ, ರೈಲ್ವೆ ಪೊಲೀಸ್ ಠಾಣೆದ್ದು, ಅವರು ರಾಜ್ಯ ಪೊಲೀಸ್ ಇಲಾಖೆಯವರು. ಬಾಂಬ್ ನಿಷ್ಕ್ರಿಯ ದಳ, ನಾಯಿ ತಗೊಂಡು ಬರೂ ಶ್ವಾನದಳ ರಾಜ್ಯ ಪೊಲೀಸ್ರದು. ಬ್ಯಾಗ್ ಇಟ್ಟಾಂವ ಗೇಟ್ ದಾಟಿ ಆಟೋ ಹತ್ತಿದ ಅಂದ್ರ ಹುಬ್ಬಳ್ಳಿ-ಧಾರವಾಡ ಕಮಿಷನರೇಟಿನ ಹದ್ದು, ಆಟೋ ಬಿಟ್ಟು ಬಸ್ ಹತ್ತಿ ಅಣ್ಣಿಗೇರಿ ಕಡೆ ಹೋದ ಅಂದ್ರ ಧಾರವಾಡ ಎಸ್‌ಪಿ ಹದ್ದು, ಮುಂದ ಗದಗ ಹೊಕ್ರ ಗದಗ ಎಸ್‌ಪಿ. ಒಂದು ತಾಸಿನ ದಾರ್‍ಯಾಗ ಇಷ್ಟು ಮಂದಿ.

ಇನ್ನೊಂದು ನೋಡ್ರಿ, ಸ್ಟೇಶನ್ ಸುತ್ತಮುತ್ತಲಿನ ಯಾವುದರ ಒಂದು ಲಾಡ್ಜಿನ ಕೌಂಟರ್. ಬಂದವರು ರಜಿಸ್ಟರಿನಾಗ ಹೆಸರು, ಊರು, ಫೋನ್ ನಂಬರ್ ಬರೀತಾರ, ಆಧಾರ್ ಝೆರಾಕ್ಸ್ ಕೊಡ್ತಾರ, ಮ್ಯಾನೇಜರ್ ಅದನ್ನ ಫೈಲಿಗೆ ಪಂಚ್ ಮಾಡಿ ಇಡ್ತಾನ, ಬೀಟ್ ಪೊಲೀಸ್ರು ಬಂದ್ರ ಅದನ್ನ ತೋರಿಸ್ತಾನ. ಅದೇ ಕೌಂಟರಿಗೆ ಒಬ್ಬ ವಿದೇಶಿ ಪಾಸ್‌ಪೋರ್ಟ್ ಹಿಡ್ಕೊಂಡು ಬಂದ ಅಂದ್ರ ದಾರಿ ಬ್ಯಾರೆ, 24 ತಾಸಿನೊಳಗ ಬ್ಯಾರೆ ಒಂದು ಫಾರ್ಮ್ ತುಂಬಿ ವಿದೇಶಿಯರ ನೋಂದಣಿ ಆಫೀಸಿಗೆ ಆನ್‌ಲೈನ್ ಕಳಿಸಬೇಕು, ಅದು ಕೇಂದ್ರ ಗೃಹ ಇಲಾಖೆದ್ದು. ಒಂದೇ ಮೇಜು, ಒಂದೇ ಪೆನ್ನು, ಒಂದು ಕಾಗದ ಓಣಿ ಠಾಣೆಯೊಳಗ ಉಳೀತು, ಇನ್ನೊಂದು ದಿಲ್ಲಿ ಮುಟ್ಟಿತು. ಎರಡೂ ಕಾಗದ ಒಂದ್ರ ಪಕ್ಕ ಒಂದು ಇಟ್ಟು ನೋಡಾವರು ಯಾರು? ಸಮನ್ವಯ, ಕೋಆರ್ಡಿನೇಶನ್ ಅಂತ ದೊಡ್ಡ ದೊಡ್ಡ ಭಾಷಣ ಮಾಡ್ತಾರಲ್ಲ, ಎಲ್ಲಾ ಈ ಪ್ರಶ್ನೆಯೊಳಗ ಐತಿ.

ದಿಲ್ಲಿ ಮಟ್ಟದಾಗ ಪಟ್ಟಿ ಇನ್ನೂ ಉದ್ದ. ದೇಶದೊಳಗಿನ ಗುಪ್ತ ಸುದ್ದಿಗೆ ಐಬಿ, ಅದು 1887ರಿಂದ ಐತಿ, ಬ್ರಿಟಿಷರು ಕಟ್ಟಿದ್ದು. ಹೊರದೇಶದ ಸುದ್ದಿಗೆ ರಾ, 1968ರಾಗ ಐಬಿಯಿಂದ ಬ್ಯಾರೆ ಮಾಡಿದ್ದು. ಫೋನು, ಉಪಗ್ರಹ ಇಂಥಾ ತಾಂತ್ರಿಕ ಕೆಲಸಕ್ಕ ಎನ್‌ಟಿಆರ್‌ಒ. ಸೈನ್ಯದ ಮೂರೂ ವಿಭಾಗಕ್ಕ ಅವರವರ ಗುಪ್ತಚರ ದಳ. ಹವಾಲಾ, ರೊಕ್ಕದ ಜಾಡು ಹಿಡಿಯಾಕ ಹಣಕಾಸು ಇಲಾಖೆಯವರು. ತನಿಖೆಗೆ ಎನ್‌ಐಎ. ಕಮಾಂಡೋ ಕಾರ್ಯಾಚರಣೆಗೆ ಎನ್‌ಎಸ್‌ಜಿ. ಇದರ ಮ್ಯಾಲೆ ಪ್ರತಿ ರಾಜ್ಯಕ್ಕ ತನ್ನ ಪೊಲೀಸ್, ನಮ್ಮ ಕರ್ನಾಟಕದಾಗ ರಾಜ್ಯ ಗುಪ್ತವಾರ್ತೆ ಬ್ಯಾರೆ, ಆಂತರಿಕ ಭದ್ರತಾ ವಿಭಾಗ ಬ್ಯಾರೆ.

ಎಲ್ಲಾ ತುಂಡು ಕೈಯಾಗ ಇದ್ದೂ ಕೈತಪ್ಪೂದು ಹೆಂಗ?

ಹೆಣ್ಣಿಗೆ ವರ ನೋಡೂ ಹೊತ್ತಿನಾಗ ದೊಡ್ಡ ಮನಿತನದಾಗ ಏನಾಗ್ತೈತಿ ನೆನಪು ಮಾಡ್ಕೊಳ್ರಿ. ದೊಡ್ಡಪ್ಪಗ ಹುಡುಗನ ಮನಿ ಹೊಲ ಅಡವು ಬಿದ್ದದ್ದು ಗೊತ್ತಿರ್ತೈತಿ, ಅದೇನು ದೊಡ್ಡ ಮಾತಲ್ಲ ಅಂತ ಸುಮ್ಮನಿರ್ತಾನ. ಸೋದರಮಾವಗ ಹುಡುಗ ಎರಡು ನೌಕರಿ ಬಿಟ್ಟಿದ್ದು ಗೊತ್ತು, ನನಗ್ಯಾಕ ಬೇಕು ಅಂತಾನ. ಅತ್ತಿಗೆ ಅವನ ಕುಡಿತದ ಸುದ್ದಿ ಹಾವೇರಿ ಬೀಗರಿಂದ ಕೇಳಿರ್ತಾಳ, ಹೇಳಿದ್ರ ಚಾಡಿ ಅಂತಾರ ಅಂತ ಬಾಯಿ ಮುಚ್ಕೊಂಡಿರ್ತಾಳ. ಒಂದೊಂದು ಸುದ್ದಿ ಬ್ಯಾರೆ ಬ್ಯಾರೆ ಇಟ್ರ ಯಾವುದೂ ಲಗ್ನ ಮುರಿಯೂವಂಥದಲ್ಲ. ಮೂರೂ ಒಂದು ಪಡಸಾಲ್ಯಾಗ ಕುಂತು ಬಾಯಿಬಿಟ್ಟಿದ್ರ ಮಾತುಕತಿ ಅಲ್ಲೇ ನಿಲ್ತಿತ್ತು.

2001ರ ಸೆಪ್ಟೆಂಬರ್ 11ರ ಅಮೆರಿಕಾ ದಾಳಿ ಬಗ್ಗೆ ಅವರದೇ ತನಿಖಾ ಆಯೋಗ 2004ರಾಗ ಕೊಟ್ಟ ವರದಿಯೊಳಗ ಹೇಳಿದ್ದು ಹೆಚ್ಚುಕಡಿಮಿ ಇದನ್ನ. ಮುಂದ ವಿಮಾನ ಅಪಹರಣ ಮಾಡಿದವರ ಪೈಕಿ ಇಬ್ಬರು 2000ದ ಜನವರಿಯೊಳಗ ಕೌಲಾಲಂಪುರದಾಗ ಅಲ್ ಖೈದಾ ಮೀಟಿಂಗಿಗೆ ಹೋಗಿದ್ದು ಅಮೆರಿಕಾದ ಹೊರದೇಶದ ಗುಪ್ತಚರ ಸಂಸ್ಥೆ ಸಿಐಎಗೆ ಗೊತ್ತಿತ್ತು. ಆ ಇಬ್ಬರು ಅಮೆರಿಕಾಕ್ಕ ಬಂದು ಸ್ಯಾನ್ ಡಿಯಾಗೋದಾಗ ತಮ್ಮ ಸ್ವಂತ ಹೆಸರಿನಾಗ ಆರಾಮ ಇದ್ರು. ಅವರ ಹೆಸರು ನಿಗಾ ಪಟ್ಟಿಗೆ ಸೇರಿದ್ದು 2001ರ ಆಗಸ್ಟಿನಾಗ, ದಾಳಿಗೆ ಬರೇ ಕೆಲವು ವಾರ ಉಳಿದಿದ್ದಾಗ. ಅತ್ತ ಅರಿಜೋನಾದಾಗ ದೇಶದೊಳಗಿನ ತನಿಖಾ ಸಂಸ್ಥೆ ಎಫ್‌ಬಿಐದ ಒಬ್ಬ ಅಧಿಕಾರಿ ಜುಲೈದಾಗ, ವಿಮಾನ ಹಾರಿಸೂ ಶಾಲಿಗೆ ಸಂಶಯದ ಮಂದಿ ಸೇರಾಕತ್ಯಾರ ಅಂತ ಮ್ಯಾಲಿನವರಿಗೆ ಬರೆದಿದ್ದ. ಆಗಸ್ಟಿನಾಗ ಮಿನಿಸೋಟಾದಾಗ ವಿಮಾನ ಕಲಿಯಾಕ ಬಂದಿದ್ದ ಒಬ್ಬನ್ನ ಹಿಡಿದೂ ಇದ್ರು. ಮೂರು ಸುದ್ದಿ, ಮೂರು ಮೇಜು, ಒಂದು ಕಡೆ ಸೇರಲೇ ಇಲ್ಲ. 19 ಮಂದಿ ನಾಲ್ಕು ವಿಮಾನ ಅಪಹರಿಸಿದ್ರು, 2977 ಮಂದಿ ಸತ್ರು.

ಇದರಾಗ ಇನ್ನೊಂದು ವಿಷಯ ಐತಿ, ಅದನ್ನ ಭಾಳ ಮಂದಿ ಹೇಳೂದಿಲ್ಲ. ಇಲಾಖೆ ಎಲ್ಲಾ ಕೂಡಿಸ್ರಿ ಅನ್ನೂ ಬಿಲ್ ದಾಳಿಗಿಂತ ಮೊದಲೇ ಅಮೆರಿಕಾ ಸಂಸತ್ತಿನಾಗ ಬಂದಿತ್ತು. 2001ರ ಮಾರ್ಚಿನಾಗ ಟೆಕ್ಸಾಸಿನ ಸಂಸದ ಮ್ಯಾಕ್ ಥಾರ್ನ್‌ಬೆರಿ ಒಂದು ಮಸೂದೆ ಇಟ್ಟಿದ್ರು. ಕರಾವಳಿ ಪಡೆ, ಕಸ್ಟಮ್ಸ್, ಗಡಿ ಕಾಯಾವರು, ವಿಪತ್ತು ನಿರ್ವಹಣೆ ಇಲಾಖೆ ಇವನ್ನೆಲ್ಲಾ ಒಂದು ರಾಷ್ಟ್ರೀಯ ಸಂಸ್ಥೆ ಕೆಳಗ ತರಬೇಕು ಅಂತ ಅದರಾಗ ಇತ್ತು. ಅದರ ಜೋಡಿ ಇನ್ನೂ ಒಂದೆರಡು ಬಿಲ್ ಇದ್ದುವು, ಒಂದು ಸಂಸ್ಥೆ ಕಟ್ಟೂಣು ಅನ್ನಾವರು ಕೆಲವರು, ಸಂಸ್ಥೆ ಬ್ಯಾಡ ಮೊದಲು ಒಂದು ರಾಷ್ಟ್ರೀಯ ಯೋಜನೆ ಬರೀರಿ ಅನ್ನಾವರು ಕೆಲವರು. ವಿಚಾರಣೆ ನಡೆದುವು, ಸಮಿತಿ ಕುಂತುವು. ಅಷ್ಟರಾಗ ಸೆಪ್ಟೆಂಬರ್ ಬಂತು.

ಅಮೆರಿಕಾದವರು ಆಮ್ಯಾಲೆ ಏನು ಮಾಡಿದ್ರು

ಎರಡು ಕಾನೂನು ಮಾಡಿದ್ರು, ಎರಡೂ ಬ್ಯಾರೆ ಬ್ಯಾರೆ ಕೆಲಸಕ್ಕ. 2002ರ ಕಾನೂನಿನಿಂದ 22 ಇಲಾಖೆ ಕೂಡಿಸಿ ಹೋಮ್‌ಲ್ಯಾಂಡ್ ಸೆಕ್ಯೂರಿಟಿ ಅನ್ನೂ ದೊಡ್ಡ ಇಲಾಖೆ ಕಟ್ಟಿದ್ರು, ಅದು ಗಡಿ, ವಿಮಾನ ನಿಲ್ದಾಣ, ಬಂದರು ನೋಡ್ಕೊಳ್ಳೂದು. 2004ರ ಡಿಸೆಂಬರಿನ ಕಾನೂನಿನಿಂದ ರಾಷ್ಟ್ರೀಯ ಭಯೋತ್ಪಾದನಾ ನಿಗ್ರಹ ಕೇಂದ್ರ, ಅಂದ್ರ ಎನ್‌ಸಿಟಿಸಿಗೆ ಶಾಸನದ ಬಲ ಕೊಟ್ರು. ಸಿಐಎ, ಎಫ್‌ಬಿಐ, ಸೈನ್ಯ ಎಲ್ಲಾರ ಮಂದಿಯನ್ನ ಒಂದು ಕಟ್ಟಡದಾಗ ಕುಂದ್ರಿಸಿ, ಎಲ್ಲಾರ ಸುದ್ದಿ ಒಂದೇ ಕಡೆ ನೋಡಾಕ ಅಂತ ಇದು.

ಈಗ ಹೇಳೂದನ್ನ ಗಟ್ಟಿ ನೆನಪಿಟ್ಕೊಳ್ರಿ, ಮುಂದ ನಮ್ಮ ಕತಿಯೊಳಗ ಬೇಕಾಗ್ತೈತಿ. ಅಮೆರಿಕಾದ ಎನ್‌ಸಿಟಿಸಿಗೆ ಯಾರನ್ನೂ ಬಂಧಿಸೂ ಅಧಿಕಾರ ಇಲ್ಲ. ಕಾರ್ಯಾಚರಣೆ ಹೆಂಗ ನಡೆಸಬೇಕು ಅಂತ ಆದೇಶ ಕೊಡೂ ಅಧಿಕಾರಾನೂ ಇಲ್ಲ ಅಂತ ಆ ಕಾನೂನಿನಾಗನ ಬರದಾರ. ಹಿಡಿಯೂದು ಎಫ್‌ಬಿಐ ಕೆಲಸ. ಎನ್‌ಸಿಟಿಸಿಯನ್ನ ಸಿಐಎ ಕೈಕೆಳಗೂ ಇಡ್ಲಿಲ್ಲ, ಎಲ್ಲಾ ಗುಪ್ತಚರ ಸಂಸ್ಥೆಗಳ ಮ್ಯಾಲೆ ಒಬ್ಬ ನಿರ್ದೇಶಕನ್ನ ಹೊಸದಾಗಿ ಕುಂದ್ರಿಸಿ ಅವನ ಕೆಳಗ ಇಟ್ರು. ಬ್ರಿಟನ್ನಿನಾಗೂ 2003ರಾಗ ಇಂಥದೇ ಒಂದು ಕೇಂದ್ರ ಆತು, ಅದು ಅಲ್ಲಿಯ ದೇಶದೊಳಗಿನ ಗುಪ್ತಚರ ಸಂಸ್ಥೆ ಎಂಐ5 ಒಳಗ ಐತಿ, ಆದ್ರ ಎಂಐ5ಗೇ ಬಂಧಿಸೂ ಅಧಿಕಾರ ಇಲ್ಲ, ಅಲ್ಲಿ ಬೇಡಿ ಹಾಕಾವರು ಪೊಲೀಸ್ರು ಮಾತ್ರ.

ನಮ್ಮಲ್ಲಿ ಪೊಲೀಸ್ ಯಾರ ಕೈಯಾಗ?

ಸಂವಿಧಾನದ ಏಳನೇ ಅನುಸೂಚಿಯೊಳಗ ಮೂರು ಪಟ್ಟಿ ಅದಾವ: ಕೇಂದ್ರದ್ದು, ರಾಜ್ಯದ್ದು, ಇಬ್ಬರದೂ ಕೂಡಿದ್ದು. ರಾಜ್ಯ ಪಟ್ಟಿ ತಗದ್ರ ಮೊದಲನೇ ನಮೂದು ಸಾರ್ವಜನಿಕ ಸುವ್ಯವಸ್ಥೆ, ಎರಡನೇದು ಪೊಲೀಸ್. ಅಂದ್ರ ಊರಾಗಿನ ಶಾಂತಿ, ಠಾಣೆ, ಪೇದೆ, ಬಂಧನ, ಎಲ್ಲಾ ರಾಜ್ಯದ ಕೆಲಸ. ದೇಶದ ರಕ್ಷಣೆ, ಸೈನ್ಯ, ಕೇಂದ್ರ ಗುಪ್ತಚರ ಬ್ಯೂರೋ ಇವು ಕೇಂದ್ರ ಪಟ್ಟಿಯೊಳಗ. ಇದರ ಜೋಡಿ 355ನೇ ವಿಧಿ ಐತಿ, ಹೊರಗಿನ ದಾಳಿ, ಒಳಗಿನ ಗಲಭೆಯಿಂದ ರಾಜ್ಯಗಳನ್ನ ಕಾಯೂದು ಕೇಂದ್ರದ ಕರ್ತವ್ಯ ಅಂತ ಅದು ಹೇಳ್ತೈತಿ.

ಭಯೋತ್ಪಾದನೆ ಅನ್ನೂ ಶಬ್ದ ಯಾವ ಪಟ್ಟಿಯೊಳಗೂ ಇಲ್ಲ. ಬಾಂಬ್ ಇಟ್ಟಾಂವ ಗಡಿಯಾಚೆಯಿಂದ ಬಂದಿದ್ರ ಅದು ದೇಶರಕ್ಷಣೆ ಅಂತ ಕೇಂದ್ರ ಅಂತೈತಿ, ಬಾಂಬ್ ಹಾರಿದ್ದು ನಮ್ಮ ಪ್ಯಾಟಿಯೊಳಗ, ಸತ್ತವರು ನಮ್ಮವರು, ಸುವ್ಯವಸ್ಥೆ ನಮ್ಮದು ಅಂತ ರಾಜ್ಯ ಅಂತೈತಿ. ಇಬ್ಬರದೂ ಸುಳ್ಳಲ್ಲ.

ಕೇಂದ್ರ-ರಾಜ್ಯದ ಈ ತಿಕ್ಕಾಟದ ಚರಿತ್ರೆಯೊಳಗ ನಮ್ಮ ಕಡೆಯವರದೇ ಒಂದು ಹೆಸರು ಐತಿ. ಈಗಿನ ಹಾವೇರಿ ಜಿಲ್ಲಾದ ಕಾರಡಗಿಯೊಳಗ ಹುಟ್ಟಿ ಹುಬ್ಬಳ್ಳಿಯೊಳಗ ರಾಜಕೀಯ ಮಾಡಿದ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರಾನ 1989ರ ಏಪ್ರಿಲ್‌ದಾಗ ಕೇಂದ್ರ ವಜಾ ಮಾಡ್ತು, ಅವರು ಕೋರ್ಟಿಗೆ ಹೋದ್ರು, 1994ರ ಮಾರ್ಚ್ 11ಕ್ಕ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಡ್ತು. ಕೇಂದ್ರ ಮನಸಿಗೆ ಬಂದಂಗ ರಾಜ್ಯ ಸರ್ಕಾರ ಕಿತ್ತಾಕೂಹಂಗಿಲ್ಲ, ಒಕ್ಕೂಟ ವ್ಯವಸ್ಥೆ ಸಂವಿಧಾನದ ಮೂಲರಚನೆ ಅಂತ. ಆ ಕೇಸಿಗೂ ಟೆರರಿಗೂ ಸಂಬಂಧ ಇಲ್ಲ ಖರೆ, ಆದ್ರ ಇವತ್ತು ಯಾವ ಮುಖ್ಯಮಂತ್ರಿ ದಿಲ್ಲಿ ಮುಂದ "ಒಕ್ಕೂಟ ವ್ಯವಸ್ಥೆ" ಅಂತ ಗಟ್ಟಿಯಾಗಿ ಮಾತಾಡಿದ್ರೂ ಬೆನ್ನ ಹಿಂದ ಬೊಮ್ಮಾಯಿ ಕೇಸ್ ಇರ್ತೈತಿ.

26/11 ಆದಮ್ಯಾಲೆ ಬಂದ ಎನ್‌ಐಎ

ಕಾರ್ಗಿಲ್ ಯುದ್ಧ ಆದಮ್ಯಾಲೆ ಸಮಿತಿ ಕುಂತು, 2001ರ ಡಿಸೆಂಬರಿನಾಗ ಐಬಿಯೊಳಗ ಬಹು ಸಂಸ್ಥೆ ಕೇಂದ್ರ, ಅಂದ್ರ ಮ್ಯಾಕ್ ಅಂತ ಶುರು ಮಾಡಿದ್ರು. ಎಲ್ಲಾರ ಸುದ್ದಿ ತಂದು ಹಾಕೂ ಜಾಗ ಅದು. ಕಾಗದದ ಮ್ಯಾಲೆ ಚೊಲೋ ಇತ್ತು.

2008 ಬಂತು. ಆ ವರ್ಷ ಮೇ ತಿಂಗಳದಾಗ ನಮ್ಮ ಹುಬ್ಬಳ್ಳಿ ಕೋರ್ಟಿನೊಳಗೂ ಸ್ಫೋಟ ಆಗಿತ್ತು, ಜುಲೈ 25ಕ್ಕ ಬೆಂಗಳೂರಾಗ ಸರಣಿ ಸ್ಫೋಟ. ನವೆಂಬರ್ 26ಕ್ಕ ಮುಂಬೈ. ಸಮುದ್ರದಿಂದ ಬಂದ 10 ಮಂದಿ, 166 ಸಾವು. ಸಮುದ್ರದ ಕಡೆಯಿಂದ ದಾಳಿ ಆಗಬಹುದು ಅನ್ನೂ ಮುನ್ಸೂಚನೆ ಮೊದಲೇ ಬಂದಿತ್ತು, ಅದು ಯಾರ ಕೆಲಸ ಅನ್ನೂದು ಗಟ್ಟಿ ಇರಲಿಲ್ಲ, ನೌಕಾಪಡೆಯದಾ, ಕರಾವಳಿ ಪಡೆಯದಾ, ಮಹಾರಾಷ್ಟ್ರ ಪೊಲೀಸ್ರದಾ. ರಾತ್ರಿ ಒಂಬತ್ತೂವರಿ ಸುಮಾರು ಶುರುವಾದ ದಾಳಿಗೆ ದಿಲ್ಲಿ ಹತ್ತಿರದ ಮಾನೇಸರದಿಂದ ಎನ್‌ಎಸ್‌ಜಿ ಕಮಾಂಡೋಗಳು ಬಂದು ಮುಟ್ಟೂದರಾಗ ಬೆಳಗಾಗಿತ್ತು. ಮುಂದಿನ ವರ್ಷ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಾದಾಗ ಎನ್‌ಎಸ್‌ಜಿ ಠಿಕಾಣಿ ಹಾಕಿದ್ದು ಇದೇ ಕಾರಣಕ್ಕ.

ಒಂದು ತಿಂಗಳೊಳಗ ಸಂಸತ್ತು ಎರಡು ಕೆಲಸ ಮಾಡ್ತು: ಯುಎಪಿಎ, ಅಂದ್ರ ಕಾನೂನುಬಾಹಿರ ಚಟುವಟಿಕೆ ತಡೆಯೂ ಕಾನೂನು, ಬಿಗಿ ಮಾಡ್ತು, ಎನ್‌ಐಎ ಕಾನೂನು ಹೊಸದಾಗಿ ತಂತು. ಎನ್‌ಐಎ ಹೆಂಗ ಕೆಲಸ ಮಾಡ್ತೈತಿ ಅನ್ನೂದನ್ನ ಒಂದು ಎಫ್‌ಐಆರ್ ಹಿಂದ ಹೋಗಿ ನೋಡೂಣು. ಹುಬ್ಬಳ್ಳಿಯ ಯಾವುದೋ ಠಾಣೆಯೊಳಗ ಯುಎಪಿಎ ಕೇಸ್ ಬಿತ್ತು ಅಂತ ತಿಳ್ಕೊಳ್ರಿ. ಠಾಣಾಧಿಕಾರಿ ಅದರ ವರದಿ ತಡಾ ಮಾಡದ ರಾಜ್ಯ ಸರ್ಕಾರಕ್ಕ ಕಳಿಸಬೇಕು, ರಾಜ್ಯ ಅದನ್ನ ಕೇಂದ್ರಕ್ಕ ಕಳಿಸಬೇಕು, ಇದು ಎನ್‌ಐಎಗೆ ಕೊಡೂವಂಥ ಕೇಸ್ ಹೌದೋ ಅಲ್ಲೋ ಅಂತ ಕೇಂದ್ರ 15 ದಿನದೊಳಗ ತೀರ್ಮಾನ ಮಾಡಬೇಕು. ಅಲ್ಲಿತನಕ ಠಾಣೆಯವರು ಕೈಕಟ್ಟಿ ಕುಂದ್ರೂಹಂಗಿಲ್ಲ, ತನಿಖೆ ನಡಸಬೇಕು ಅಂತ ಕಾನೂನು ಹೇಳೈತಿ. ರಾಜ್ಯ ಕಳಿಸಲಿಲ್ಲ ಅಂದ್ರೂ ಕೇಂದ್ರ ತಾನ ಸ್ವಂತ ಎನ್‌ಐಎಗೆ ಹೇಳಬಹುದು. ರಾಜ್ಯದ ಒಪ್ಪಿಗಿ ಬೇಕಾಗಿಲ್ಲ.

ಸಿಬಿಐ ಜೋಡಿ ಇದನ್ನ ಇಟ್ಟು ನೋಡಿದ್ರ ವ್ಯತ್ಯಾಸ ತಿಳೀತೈತಿ. ಸಿಬಿಐ ಒಂದು ರಾಜ್ಯದೊಳಗ ತನಿಖೆ ಮಾಡಬೇಕಂದ್ರ, ಕೋರ್ಟ್ ಹೇಳಿದ್ದು ಬಿಟ್ರ, ರಾಜ್ಯದ ಸಮ್ಮತಿ ಬೇಕು. ಕರ್ನಾಟಕ 2024ರ ಸೆಪ್ಟೆಂಬರ್‌ದಾಗ ತನ್ನ ಸಾಮಾನ್ಯ ಸಮ್ಮತಿ ವಾಪಸ್ ತಗೊಂಡೈತಿ. ಎನ್‌ಐಎ ವಿಷಯದಾಗ ಆ ಬಾಗಿಲಾನ ಇಲ್ಲ. ಇದಕ್ಕ ಛತ್ತೀಸಗಢ ಸರ್ಕಾರ 2020ರ ಜನವರಿಯೊಳಗ ಎನ್‌ಐಎ ಕಾನೂನನ್ನ ಪ್ರಶ್ನೆ ಮಾಡಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2019ರ ತಿದ್ದುಪಡಿ ಆದಮ್ಯಾಲೆ ಎನ್‌ಐಎ ಪಟ್ಟಿಗೆ ಮಾನವ ಕಳ್ಳಸಾಗಣೆ, ಸೈಬರ್ ಭಯೋತ್ಪಾದನೆ ಇವೂ ಬಂದಾವ.

ಕೂಡಿ ಕೆಲಸ ಮಾಡಿದ್ರ ಏನಾಗ್ತೈತಿ ಅನ್ನಾಕ ನಮ್ಮ ರಾಜ್ಯದ್ದೇ ಉದಾಹರಣಿ ಐತಿ. 2024ರ ಮಾರ್ಚ್ 1ಕ್ಕ ಬೆಂಗಳೂರಿನ ರಾಮೇಶ್ವರಂ ಕೆಫೆಯೊಳಗ ಸ್ಫೋಟ ಆತು, ಮೊದಲು ಬೆಂಗಳೂರು ಪೊಲೀಸ್ರ ಅಪರಾಧ ವಿಭಾಗ ಸಿಸಿಬಿ ನೋಡ್ತು, ಕೆಲವೇ ದಿನದಾಗ ಕೇಸ್ ಎನ್‌ಐಎಗೆ ಹೋತು, ಏಪ್ರಿಲ್ 12ಕ್ಕ ಇಬ್ಬರನ್ನ ಪಶ್ಚಿಮ ಬಂಗಾಳದಾಗ ಹಿಡಿದ್ರು. ಹಿಡಿದ ದಿನ ಎನ್‌ಐಎ ಕೊಟ್ಟ ಹೇಳಿಕೆಯೊಳಗ ಪಶ್ಚಿಮ ಬಂಗಾಳ, ತೆಲಂಗಾಣ, ಕರ್ನಾಟಕ, ಕೇರಳ ನಾಲ್ಕೂ ರಾಜ್ಯದ ಪೊಲೀಸ್ರ ಹೆಸರು ಇತ್ತು. ಆವಾಗ ಆ ನಾಲ್ಕರಾಗ ಒಂದರಾಗೂ ಬಿಜೆಪಿ ಸರ್ಕಾರ ಇರಲಿಲ್ಲ ಅನ್ನೂದು ಗಮನಿಸಬೇಕಾದ ಮಾತು. ಇಷ್ಟಾದ್ರೂ ಎನ್‌ಐಎ ಬರೂದು ಘಟನೆ ಆದಮ್ಯಾಲೆ. ಆಗೂದಕ್ಕಿಂತ ಮೊದಲು ಸುದ್ದಿ ಕೂಡಿಸಾವರು ಯಾರು ಅನ್ನೂ ಜಾಗಾ ಖಾಲಿ ಉಳೀತು.

2012: ಎನ್‌ಸಿಟಿಸಿ ಬಂದಂಗ ಮಾಡಿ ಹೋದ ಕತಿ

ಆ ಖಾಲಿ ಜಾಗಾಕ್ಕ ಅಂತನ ಆವಾಗಿನ ಗೃಹ ಸಚಿವ ಪಿ. ಚಿದಂಬರಂ 2009ರ ಡಿಸೆಂಬರಿನಾಗ ಒಂದು ಭಾಷಣದಾಗ, ನಮಗೂ ಒಂದು ಎನ್‌ಸಿಟಿಸಿ ಬೇಕು ಅಂದ್ರು. 2012ರ ಫೆಬ್ರುವರಿ 3ಕ್ಕ ಗೃಹ ಇಲಾಖೆಯಿಂದ ಆದೇಶ ಹೊರಬಿತ್ತು, ಮಾರ್ಚ್ 1ರಿಂದ ಶುರು ಅಂತ.

ಹೆಸರು ಅಮೆರಿಕಾದ್ದು, ಆದ್ರ ಒಳಗ ಎರಡು ಕಡೆ ಪೂರಾ ಬ್ಯಾರೆ ಇತ್ತು. ಒಂದು, ಇದನ್ನ ಐಬಿ ಒಳಗನ ಇಟ್ಟಿದ್ರು. ಇನ್ನೊಂದು, ಯುಎಪಿಎದ 43ಎ ಸೆಕ್ಷನ್ ಪ್ರಕಾರ ಬಂಧನ ಮಾಡೂದು, ಶೋಧ ಮಾಡೂದು, ಜಪ್ತಿ ಮಾಡೂದು, ಈ ಅಧಿಕಾರ ಎನ್‌ಸಿಟಿಸಿಗೆ ಕೊಟ್ಟಿದ್ರು. ಮೊದಲೇ ನೆನಪಿಡ್ರಿ ಅಂದಿದ್ನಲ್ಲ, ಅದೇ ಎರಡು ಜಾಗಾ.

ಇದರ ಅರ್ಥ ಏನು ಅಂದ್ರ, ಗುಟ್ಟಾಗಿ ಸುದ್ದಿ ಕೂಡಿಸೂ ಸಂಸ್ಥೆನ ಬಂದು ಕೈಗೆ ಬೇಡಿ ಹಾಕಬಹುದು. ಪೊಲೀಸ್ ಠಾಣೆಯೊಳಗ ಏನಾದ್ರೂ ಎಫ್‌ಐಆರ್ ಇರ್ತೈತಿ, ಡೈರಿ ಇರ್ತೈತಿ, ಮ್ಯಾಜಿಸ್ಟ್ರೇಟ್ ಮುಂದ ಹೋಗಿ ನಿಲ್ಲಬೇಕಾಗ್ತೈತಿ. ಗುಪ್ತಚರ ಸಂಸ್ಥೆ ಕೆಲಸಾನ ಗುಟ್ಟಿಂದು, ಅದು ತನ್ನ ಮೂಲ ಹೇಳೂದಿಲ್ಲ, ಹೇಳಬಾರದು ಕೂಡ. ಬಾಯಿ ಬಿಡಬಾರದ ಸಂಸ್ಥೆಗೆ, ಕೋರ್ಟಿನಾಗ ಬಾಯಿ ಬಿಡಲೇಬೇಕಾದ ಕೆಲಸ ಕೊಟ್ಟಂಗ ಆತು. ಈ ಇಡೀ ಗದ್ದಲದಾಗ ಎಲ್ಲಾಕಿಂತ ತೂಕದ ಆಕ್ಷೇಪ ಇದು ಅಂತ ನನಗ ಅನ್ನಿಸ್ತೈತಿ, ರಾಜಕೀಯದ ಕೂಗಾಟದಾಗ ಇದು ಕೇಳಿಸಿದ್ದು ಕಡಿಮಿ.

ಕೂಗಾಟ ಮಾತ್ರ ಜೋರಿತ್ತು. ಒಡಿಶಾದ ನವೀನ್ ಪಟ್ನಾಯಕ್, ತಮಿಳುನಾಡಿನ ಜಯಲಲಿತಾ, ಬಿಹಾರದ ನಿತೀಶ್ ಕುಮಾರ್, ಗುಜರಾತಿನ ಮುಖ್ಯಮಂತ್ರಿ ಆಗಿದ್ದ ನರೇಂದ್ರ ಮೋದಿ, ಎಲ್ಲಾರೂ ವಿರೋಧ ಮಾಡಿದ್ರು. ಕೇಂದ್ರ ಸರ್ಕಾರದಾಗ ಪಾಲುದಾರರಾಗಿದ್ದ ಮಮತಾ ಬ್ಯಾನರ್ಜಿ ಕೂಡ. ನಮ್ಮನ್ನ ಒಂದು ಮಾತು ಕೇಳಲಿಲ್ಲ, ಪೊಲೀಸ್ ನಮ್ಮ ವಿಷಯ, ನಮ್ಮ ರಾಜ್ಯದಾಗ ಬಂದು ನಮಗ ಹೇಳದಂಗ ಮಂದಿನ್ನ ಎತ್ತಿಕೊಂಡು ಹೋಗೂದು ಅಂದ್ರೇನು ಅಂತ.

ಚಿದಂಬರಂ ಕಡೆಯ ಉತ್ತರಾನೂ ಕೇಳಬೇಕು. 43ಎ ಸೆಕ್ಷನ್ 2008ರಿಂದನ ಕಾನೂನಿನಾಗ ಐತಿ, ನಾವು ಹೊಸಾ ಅಧಿಕಾರ ಹುಟ್ಟಿಸಿಲ್ಲ, ಹಿಡಿದವರನ್ನ ತಡಾ ಮಾಡದ ಹತ್ತಿರದ ಠಾಣೆಗೆ ಒಪ್ಪಿಸಬೇಕು, ಮುಂದಿನದೆಲ್ಲಾ ಪೊಲೀಸ್ರದ, ರಾಜ್ಯಗಳ ಭಯೋತ್ಪಾದನಾ ನಿಗ್ರಹ ದಳದ ಮುಖ್ಯಸ್ಥರು ಎನ್‌ಸಿಟಿಸಿ ಸ್ಥಾಯಿ ಮಂಡಳಿಯೊಳಗ ಇರ್ತಾರ. ಒಬ್ಬ ಸಂಶಯದ ಮನಿಷ್ಯಾ ರೈಲಿನಾಗ ರಾಜ್ಯ ದಾಟಿ ಹೊಂಟಾಗ ಪ್ರತಿ ರಾಜ್ಯಕ್ಕ ಫೋನ್ ಮಾಡ್ಕೋತ ಕುಂದ್ರಾಕ ಆಗ್ತೈತೇನು ಅನ್ನೂದು ಅವರ ಕಡೆಯವರ ವಾದ.

ಮಾರ್ಚ್ 1 ಬಂತು ಹೋತು, ಶುರು ಆಗಲಿಲ್ಲ. ಮೇ 5ಕ್ಕ ಎಲ್ಲಾ ಮುಖ್ಯಮಂತ್ರಿಗಳ ಸಭೆ ಕರೆದ್ರು, ಬಗೆಹರೀಲಿಲ್ಲ. 2013ರ ಜೂನಿನಾಗ ಗೃಹ ಸಚಿವ ಸುಶೀಲಕುಮಾರ ಶಿಂದೆ, ಐಬಿಯಿಂದ ಹೊರಗ ತಗದು, ಬಂಧನದ ಅಧಿಕಾರ ಕಿತ್ತಾಕಿ, ಬದಲಿಸಿದ ಪ್ರಸ್ತಾವ ತಂದ್ರು. ಅಷ್ಟೊತ್ತಿಗೆ ನಂಬಿಕಿ ಮುರಿದಿತ್ತು, ಅದೂ ಬಿತ್ತು. 2014ರಾಗ ಸರ್ಕಾರ ಬದಲಾದಮ್ಯಾಲೂ ಆ ಹೆಸರಿನ ಸಂಸ್ಥೆ ಬರಲಿಲ್ಲ.

ಆದೇಶ ಬ್ಯಾರೆ, ಕಾನೂನು ಬ್ಯಾರೆ

ಮ್ಯಾಲಿನ ಕತಿಯೊಳಗ ಎನ್‌ಐಎ ಬಂದಿದ್ದು ಸಂಸತ್ತಿನ ಕಾನೂನಿನಿಂದ, ಎನ್‌ಸಿಟಿಸಿ ಬಂದಿದ್ದು ಇಲಾಖೆ ಆದೇಶದಿಂದ. ಕಾನೂನು ಆಗಬೇಕಂದ್ರ ಬಿಲ್ ಮಂಡನೆ ಆಗಬೇಕು, ಲೋಕಸಭಾ, ರಾಜ್ಯಸಭಾ ಎರಡೂ ಕಡೆ ಚರ್ಚೆ ಆಗಬೇಕು, ಬೇಕಾದ್ರ ಸಮಿತಿಗೆ ಹೋಗಬೇಕು, ರಾಷ್ಟ್ರಪತಿ ಸಹಿ ಬೀಳಬೇಕು. ಆದೇಶಕ್ಕ ಒಂದು ಫೈಲ್ ಸಾಕು. ಲಗೂ ಆಗ್ತೈತಿ, ಲಗೂ ಬೀಳ್ತೈತಿ.

ಇನ್ನೊಂದು ಆಶ್ಚರ್ಯದ ವಿಷಯ ಅಂದ್ರ ಐಬಿಗೂ, ರಾಗೂ ಇವತ್ತಿನವರೆಗೂ ಸಂಸತ್ತು ಮಾಡಿದ ತಮ್ಮದೇ ಒಂದು ಕಾನೂನು ಇಲ್ಲ. ಅವರು ಏನು ಮಾಡಬಹುದು, ಯಾರಿಗೆ ಲೆಕ್ಕ ಕೊಡಬೇಕು ಅಂತ ಯಾವ ಕಾಯ್ದೆಯೊಳಗೂ ಬರೆದಿಲ್ಲ. 2011ರಾಗ ಕಾಂಗ್ರೆಸ್ ಸಂಸದ ಮನೀಶ್ ತಿವಾರಿ ಖಾಸಗಿ ಸದಸ್ಯರ ಮಸೂದೆ ಇಟ್ಟಿದ್ರು, ಗುಪ್ತಚರ ಸಂಸ್ಥೆಗಳಿಗೆ ಕಾನೂನಿನ ಚೌಕಟ್ಟು, ಸಂಸತ್ತಿನ ನಿಗಾ ಬೇಕು ಅಂತ. ಮುಂದ ಹೋಗಲಿಲ್ಲ.

ಈಗ ಏನೈತಿ

ದೊಡ್ಡ ಕೇಂದ್ರ ಇಲ್ಲದಿದ್ರೂ ತುಂಡು ತುಂಡಾಗಿ ಕೆಲಸ ನಡದೈತಿ. ಮ್ಯಾಕ್ ಇನ್ನೂ ಐತಿ, ಎಲ್ಲಾರೂ ಎಲ್ಲಾರ ಜೋಡಿ ಸುದ್ದಿ ಹಂಚ್ಕೋಬೇಕು ಅಂತ 26/11 ಆದ ಒಂದೇ ತಿಂಗಳಿಗೆ ಆದೇಶ ಆಗೈತಿ, ರಾಜ್ಯಗಳೊಳಗೂ ಅದರ ಶಾಖೆ ಅದಾವ. ನ್ಯಾಟ್‌ಗ್ರಿಡ್ ಅಂತ ಇನ್ನೊಂದು ಐತಿ. ಇದು ಗೂಢಚಾರರ ಸಂಸ್ಥೆ ಅಲ್ಲ, ಬ್ಯಾಂಕು, ಟೆಲಿಫೋನ್, ವಲಸೆ, ಪ್ರಯಾಣ ಇಂಥಾ ಬ್ಯಾರೆ ಬ್ಯಾರೆ ದಾಖಲೆಗಳನ್ನ ಒಂದು ಕಿಟಕಿಯಿಂದ ಹುಡುಕೂ ಕಂಪ್ಯೂಟರ್ ಜಾಲ, ಅಧಿಕಾರ ಇದ್ದ ಸಂಸ್ಥೆ ಮಾತ್ರ ನೋಡಬಹುದು. ಅದರ ಬೆಂಗಳೂರು ಕಟ್ಟಡ 2022ರ ಮೇ 3ಕ್ಕ ಉದ್ಘಾಟನೆ ಆತು. ಪೊಲೀಸ್ ಠಾಣೆಗಳ ಎಫ್‌ಐಆರ್ ಎಲ್ಲಾ ಒಂದು ಜಾಲಕ್ಕ ಬರೂ ಸಿಸಿಟಿಎನ್‌ಎಸ್ ಬ್ಯಾರೆ. ಲಾಡ್ಜಿನ ಝೆರಾಕ್ಸ್ ಮಾತ್ರ ಭಾಳ ಕಡೆ ಇನ್ನೂ ಫೈಲಿನಾಗನ ಐತಿ.

2024ರ ಜುಲೈ 1ರಿಂದ ಇನ್ನೊಂದು ಬದಲಾವಣಿ ಆಗೈತಿ. ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, ಅದರ 113ನೇ ಸೆಕ್ಷನ್ನಿನಾಗ ಭಯೋತ್ಪಾದಕ ಕೃತ್ಯ ಅಂತ ಸೇರಿಸ್ಯಾರ. ಹಿಂಗಾಗಿ ಒಂದೇ ಕೃತ್ಯಕ್ಕ ಯುಎಪಿಎ ಹಾಕಬೇಕೋ 113 ಹಾಕಬೇಕೋ? ಅದನ್ನ ಎಸ್‌ಪಿ ದರ್ಜೆಗಿಂತ ಕಡಿಮಿ ಇಲ್ಲದ ಅಧಿಕಾರಿ ತೀರ್ಮಾನ ಮಾಡಬೇಕು ಅಂತ ಆ ಸೆಕ್ಷನ್ನಿನ ವಿವರಣೆಯೊಳಗ ಐತಿ. ಅಂದ್ರ ಗದಗ, ಹಾವೇರಿಯಂಥಾ ಜಿಲ್ಲಾದಾಗ ಆ ತೂಕದ ನಿರ್ಣಯ ಎಸ್‌ಪಿ ಸಾಹೇಬರ ಮೇಜಿನ ಮ್ಯಾಲೆ ಬರ್ತೈತಿ.

ಯಾಕ ತೂಕದ್ದು ಅಂದ್ರ, ಹಿಡಿದವರ ಮಟ್ಟಿಗೆ ಈ ಎರಡರಾಗ ಭಾಳ ವ್ಯತ್ಯಾಸ ಐತಿ. ಸಾಮಾನ್ಯ ಕೇಸಿನಾಗ 60 ಇಲ್ಲಾ 90 ದಿನದೊಳಗ ಚಾರ್ಜ್‌ಶೀಟ್ ಹಾಕಬೇಕು, ಇಲ್ಲಾಂದ್ರ ಜಾಮೀನು ಕೇಳೂ ಹಕ್ಕು ಬರ್ತೈತಿ. ಯುಎಪಿಎದಾಗ ಅದು 180 ದಿನದತನಕ ಹೋಗಬಹುದು. ಆರೋಪ ಮೇಲ್ನೋಟಕ್ಕ ಖರೆ ಅನ್ನಿಸಿದ್ರ ಕೋರ್ಟ್ ಜಾಮೀನು ಕೊಡೂಹಂಗಿಲ್ಲ ಅಂತ 43ಡಿ ಸೆಕ್ಷನ್ ಹೇಳ್ತೈತಿ. ವಿಚಾರಣೆ ವರ್ಷಗಟ್ಲೆ ಎಳೆದ್ರ ಸಂವಿಧಾನದ ಹಕ್ಕಿನ ಮ್ಯಾಲೆ ಕೋರ್ಟ್ ಜಾಮೀನು ಕೊಡಬಹುದು ಅಂತ 2021ರಾಗ ಸುಪ್ರೀಂ ಕೋರ್ಟ್ ನಜೀಬ್ ಕೇಸಿನಾಗ ಹೇಳೈತಿ, ಆದ್ರ ಅಲ್ಲಿತನಕ ಒಳಗಿರೂದು ತಪ್ಪೂದಿಲ್ಲ. ಹಿಡಿಯೂ ಅಧಿಕಾರ ಯಾರ ಕೈಯಾಗ ಅಂತ ರಾಜ್ಯಗಳು ಜಗಳಾಡೂದು ಬರೇ ಪ್ರತಿಷ್ಠೆ ಜಗಳ ಅಲ್ಲ ಅನ್ನಾಕ ಇದೂ ಒಂದು ಕಾರಣ.

ಬಿಲ್ ಬಂದ್ರ ಎಲ್ಲಿ ನೋಡಬೇಕು

ಹೆಸರು ಏನರ ಇಡ್ಲಿ, ಮೊದಲು ಅಧಿಕಾರದ ಅಧ್ಯಾಯ ತಗೀರಿ. ಬಂಧನ, ಶೋಧ, ಜಪ್ತಿ ಅನ್ನೂ ಶಬ್ದ ಅದಾವೇನು ನೋಡ್ರಿ. ಇಲ್ಲಾಂದ್ರ ಅದು ಸುದ್ದಿ ಕೂಡಿಸೂ ಸಂಸ್ಥೆ, ರಾಜ್ಯಗಳ ಜೋಡಿ ದೊಡ್ಡ ಜಗಳ ಬರೂ ಸಂಭವ ಕಡಿಮಿ. ಇದ್ರ, ಹಿಡಿದವರನ್ನ ಎಷ್ಟು ತಾಸಿನೊಳಗ ಯಾರಿಗೆ ಒಪ್ಪಿಸಬೇಕು, ರಾಜ್ಯಕ್ಕ ಮೊದಲು ಹೇಳಬೇಕೋ ಆಮ್ಯಾಲೆ ಹೇಳಿದ್ರ ಸಾಕೋ ಅನ್ನೂ ಸಾಲು ಹುಡುಕ್ರಿ. ಆ ಸಂಸ್ಥೆ ಯಾರ ಕೈಕೆಳಗ, ಐಬಿ ಒಳಗನ ಐತೋ ಹೊರಗೋ, ಅದರ ಮುಖ್ಯಸ್ಥ ಸಂಸತ್ತಿನ ಯಾವುದರ ಸಮಿತಿ ಮುಂದ ಬಂದು ಉತ್ತರ ಕೊಡಬೇಕೋ ಇಲ್ಲೋ ಅನ್ನೂದು ಸಾಧಾರಣ ಕೊನಿ ಅಧ್ಯಾಯದಾಗ ಇರ್ತೈತಿ, ಟಿವಿಯೊಳಗ ಅದನ್ನ ಯಾರೂ ಓದೂದಿಲ್ಲ. ನಮ್ಮ ನಿಮ್ಮ ಬ್ಯಾಂಕು, ಫೋನಿನ ದಾಖಲೆ ಎಷ್ಟು ವರ್ಷ ಇಟ್ಕೋತಾರ, ತಪ್ಪು ಹೆಸರು ಸೇರಿದ್ರ ತಗಸಾಕ ಯಾರ ಹತ್ರ ಹೋಗಬೇಕು, ಅದೂ ಬರೆದಿರಬೇಕು.

ಬಿಲ್ಲಿನ ಪೂರಾ ಪಠ್ಯ ಲೋಕಸಭೆ, ರಾಜ್ಯಸಭೆ ವೆಬ್‌ಸೈಟಿನಾಗ ಪುಕ್ಕಟೆ ಸಿಗ್ತೈತಿ. ಸಮಿತಿಗೆ ಹೋದ್ರ ಸಾರ್ವಜನಿಕರ ಅಭಿಪ್ರಾಯ ಕೇಳಿ ಪೇಪರಿನಾಗ ಜಾಹೀರಾತು ಕೊಡೂದು ರೂಢಿ, ಯಾರು ಬೇಕಾದ್ರೂ ಬರೀಬಹುದು. ಸಾಮಾನ್ಯವಾಗಿ ಇಂಗ್ಲಿಷ್ ಇಲ್ಲಾ ಹಿಂದಿಯೊಳಗ ಬರದು ಕಳಿಸ್ರಿ ಅಂತಾರ, ಹಿಂಗಾಗಿ ಕನ್ನಡದಾಗ ಬರೆಯೂ ನಮ್ಮ ಮಂದಿ ಒಬ್ಬ ವಕೀಲರನ್ನೋ ಮಾಸ್ತರನ್ನೋ ಜೋಡಿ ಕರ್ಕೊಂಡು ಕುಂದ್ರೂದು ಚೊಲೋ.